ಅಂವಗ ಏನೂ ಹೇಳಬ್ಯಾಡ

ಅಕ್ಕನ ಮನೆಯ ಅಡುಗೆಕೋಣೆಯ ಗೋಡೆಗೆ ಒಂದು ಮೊಳೆ, ಮೊಳೆಗೆ ಕ್ಯಾಲೆಂಡರ್, ಕ್ಯಾಲೆಂಡರಿನ ಹಿಂದೆ ದಾರ ಕಟ್ಟಿ ತೂಗಹಾಕಿದ ಇನ್ನೂರು ಪುಟದ ನೋಟ್‌ಬುಕ್. ಅದರಲ್ಲಿ ಹೀಗೆಲ್ಲ ಬರೆದಿರುತ್ತದೆ: ‘ಎಮ್ಮೆ ಈದಿತು, ಹೆಣ್ಣುಗರು.’ ‘ಮೋಟರ್ ಸುಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ.’ ‘ಸಣ್ಣವನ ಮುಂದಿನ ಹಲ್ಲು ಬಿತ್ತು.’ ‘ಮಾವನವರ ಬಿಪಿ ಗುಳಿಗೆ ಬದಲಾಗಿದೆ.’ ‘ನಾದಿನಿ ಮಗನ ಜವಳಕ್ಕೆ ಎಷ್ಟು ಕೊಡೋಣ, ಕೇಳಬೇಕು.’ ಗಂಡನ ಫೋನ್ ಬಂದು ವಿಷಯ ಹೇಳಿಯಾದ ಮೇಲೆ ಆ ಸಾಲಿನ ಮುಂದೆ ಒಂದು ಗುರುತು. ಕೆಲವು ಪುಟಗಳಲ್ಲಿ ಇಪ್ಪತ್ತು ದಿನಗಳವರೆಗೆ ಒಂದೂ ಗುರುತಿಲ್ಲ. ಆ ಇಪ್ಪತ್ತು ದಿನ ಫೋನ್ ಬಂದಿರಲಿಲ್ಲ.

ಭಾವ ಭೂಸೇನೆಯಲ್ಲಿ ಹವಾಲ್ದಾರ್. ಮದುವೆಯಾಗಿ 11 ವರ್ಷವಾಯಿತು. ಇಬ್ಬರೂ ಒಂದೇ ಸೂರಿನಡಿ ಸಂಸಾರ ಮಾಡಿದ್ದು ಒಂದು ಪೀಸ್ ಪೋಸ್ಟಿಂಗಿನ ಎರಡೂವರೆ ವರ್ಷ. ಉಳಿದದ್ದೆಲ್ಲ ರಜೆಯ ದಿನಗಳ ಲೆಕ್ಕ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಇದೇನೂ ಅಪರೂಪದ ಸಂಸಾರವಲ್ಲ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇರುವ ಊರು ನಮ್ಮದು. ನಸುಕಿನಲ್ಲಿ ರಸ್ತೆಗುಂಟ ಓಡುವ ಹುಡುಗರನ್ನು ಕಂಡರೆ, ಭರತಿಗೆ ತಯಾರಿ ನಡೆಸಿದ್ದಾರೆಂದು ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯಷ್ಟೇ ಅಲ್ಲ, ಧಾರವಾಡ, ವಿಜಯಪುರ, ಹಾಸನ, ಕೊಡಗು ಎಲ್ಲ ಕಡೆಯೂ ‘ಮಿಲ್ಟ್ರಿ ಮನಿ’ ಎಂದು ಗುರುತಿಸುವ ಮನೆಗಳಿವೆ. ಆ ಮನೆಗಳ ಒಳಗೆ ಗಂಡ ಹೆಂಡಿರ ನಂಟು ಹೇಗೆ ಉಳಿಯುತ್ತದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ನಾವು ಹೊರಗಿನವರು ಅಷ್ಟಾಗಿ ಯೋಚಿಸಿದವರಲ್ಲ.

ಸೈನಿಕನ ಹೆಂಡತಿಗೆ ಎರಡು ಇಂಗ್ಲಿಷ್ ಪದಗಳು ಮದುವೆಯಾದ ವಾರದಲ್ಲೇ ಕಲಿತುಹೋಗುತ್ತವೆ: ‘ಪೀಸ್’ ಮತ್ತು ‘ಫೀಲ್ಡ್’. ಪೀಸ್ ಎಂದರೆ ದಂಡಿನ ಊರು. ಕ್ವಾರ್ಟರ್ಸ್ ಸಿಕ್ಕರೆ ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದು. ಫೀಲ್ಡ್ ಎಂದರೆ ಗಡಿ, ಹಿಮ, ಮರಳುಗಾಡು, ಕಾಡು. ಅಲ್ಲಿ ಸಂಸಾರಕ್ಕೆ ಜಾಗವಿಲ್ಲ. ಫೀಲ್ಡಿಗೆ ಹೋದವರ ಕುಟುಂಬಗಳಿಗೆಂದೇ ಕೆಲವು ನಗರಗಳಲ್ಲಿ ಪ್ರತ್ಯೇಕ ವಸತಿಯನ್ನು ಸೇನೆ ಕೊಡುತ್ತದೆ. ಮಕ್ಕಳ ಶಾಲೆ, ಮಿಲಿಟರಿ ಆಸ್ಪತ್ರೆ, ಕ್ಯಾಂಟೀನು ಹತ್ತಿರವಿರುತ್ತವೆಂದು ಹಲವರು ಅಲ್ಲಿ ಉಳಿಯುತ್ತಾರೆ. ಅತ್ತೆ ಮಾವ, ಹೊಲ, ದನಕರು ಇರುವ ಮನೆಯ ಸೊಸೆ ಸಾಮಾನ್ಯವಾಗಿ ಊರಿಗೆ ಬರುತ್ತಾಳೆ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಕಾಗದದ ಮೇಲೆ ಇದು ಮೂರು ತಿಂಗಳು. ಆದರೆ ರಜೆ ಯಾವಾಗ ಸಿಗುತ್ತದೆ, ಎಷ್ಟು ಸಿಗುತ್ತದೆ ಎಂಬುದು ಯೂನಿಟ್ಟಿನ ಪರಿಸ್ಥಿತಿಗೆ ಬಿಟ್ಟದ್ದು. ಬಂದವರನ್ನೂ ಅರ್ಧಕ್ಕೆ ವಾಪಸ್ ಕರೆಸಿಕೊಳ್ಳಬಹುದು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ, ಮೈಮೇಲಿನ ಅರಿಷಿಣ ಆರುವ ಮೊದಲೇ ಟ್ರಂಕು ಎತ್ತಿಕೊಂಡು ಹೊರಟ ಮದುಮಕ್ಕಳನ್ನು ದೇಶವೇ ನೋಡಿತು.

ಅಕ್ಕನ ನೋಟ್‌ಬುಕ್ ಹುಟ್ಟಿದ್ದರ ಹಿಂದೆ ಒಂದು ನೋವಿನ ಕಥೆಯಿದೆ. ಐದು ವರ್ಷದ ಹಿಂದೆ ಭಾವ ಫೀಲ್ಡಿನಲ್ಲಿದ್ದಾಗ ಮಾವನವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆ, ಆಪರೇಷನ್, ಬಡ್ಡಿ ಸಾಲ ಎಲ್ಲ ಆಯಿತು. ಅತ್ತೆಯವರು ಅಕ್ಕನಿಗೆ ಹೇಳಿದ್ದು ಒಂದೇ ಮಾತು: “ಅಂವಗ ಏನೂ ಹೇಳಬ್ಯಾಡ ನೋಡವಾ. ಅಲ್ಲಿ ಜೀವಕ್ಕ ಹಚ್ಕೋತಾನ.” ಹನ್ನೆರಡು ದಿನ ಅಕ್ಕ ಫೋನಿನಲ್ಲಿ “ಎಲ್ಲಾ ಆರಾಮ ಐತ್ರಿ” ಎಂದಳು. ಹದಿಮೂರನೆಯ ದಿನ ಊರಿನ ಗೆಳೆಯನೊಬ್ಬ “ಅಪ್ಪನ ಆಪರೇಷನ್ ಹೆಂಗಾತೋ?” ಎಂದು ವಾಟ್ಸ್ಆ್ಯಪಿನಲ್ಲಿ ಕೇಳಿಬಿಟ್ಟ.

ಭಾವ ಸಿಟ್ಟಾಗಲಿಲ್ಲ. “ಇಷ್ಟ್ ದಿನಾ ಆರಾಮ ಅಂತ ಹೇಳಿದ್ದರಾಗ ಖರೆ ಎಷ್ಟು, ಸುಳ್ಳ ಎಷ್ಟು?” ಎಂದಷ್ಟೇ ಕೇಳಿದರು. ಆಮೇಲೆ ಬಹಳ ದಿನ, ಅಕ್ಕನಿಗೆ ಫೋನ್ ಮಾಡಿ ಇಟ್ಟ ಮೇಲೆ ಕಿರಾಣಿ ಅಂಗಡಿಯವರಿಗೆ, ಚಿಕ್ಕಪ್ಪನ ಮಗನಿಗೆ, ಸಾಲಿ ಮಾಸ್ತರರಿಗೆ ಫೋನ್ ಮಾಡಿ “ನಮ್ಮ ಮನ್ಯಾಗ ಖರೇನ ಆರಾಮ ಅದಾರ?” ಎಂದು ವಿಚಾರಿಸುತ್ತಿದ್ದರು. ಅಕ್ಕನಿಗೆ ಅದು ಗೊತ್ತಾದ ದಿನ ಅವಳು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಿಂತೆ ತಪ್ಪಿಸಲೆಂದು ಹೇಳಿದ ಸುಳ್ಳು ಅವರ ಚಿಂತೆಯನ್ನು ಹತ್ತು ಪಟ್ಟು ಮಾಡಿತ್ತು. ಬಂದೂಕು ಹಿಡಿದು ಕತ್ತಲಲ್ಲಿ ಕಾವಲು ನಿಂತ ಮನುಷ್ಯನಿಗೆ ‘ಆರಾಮ’ ಎಂಬ ಪದದ ಮೇಲೆಯೇ ನಂಬಿಕೆ ಹೋಗಿತ್ತು.

ಇದು ಎರಡೂ ಕಡೆಯಿಂದ ನಡೆಯುವ ಮುಚ್ಚಾಟ. ಅತ್ತಲಿಂದ ಅವರೂ “ಇಲ್ಲಿ ಚಳಿ ಅಂಥಾದ್ದೇನಿಲ್ಲ, ಊಟಾ ಛಲೋ ಐತಿ” ಎನ್ನುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ, ವರ್ಷ ಕಳೆಯುವುದರೊಳಗೆ ಒಬ್ಬರ ಬದುಕು ಇನ್ನೊಬ್ಬರಿಗೆ ಗೊತ್ತಿಲ್ಲದಂತಾಗುತ್ತದೆ. ಸೈನಿಕ ಕುಟುಂಬಗಳ ಕುರಿತು ನಾನು ಓದಿದ್ದು, ಕೇಳಿದ್ದು, ಹತ್ತಿರದಿಂದ ಕಂಡದ್ದು ಎಲ್ಲ ಸೇರಿಸಿ ಹೇಳಬೇಕೆಂದರೆ, ದೂರ ಇರುವುದಕ್ಕಿಂತ ಈ ಮುಚ್ಚಿಡುವಿಕೆಯೇ ನಂಟಿಗೆ ಹೆಚ್ಚು ಪೆಟ್ಟು ಕೊಡುತ್ತದೆ.

ಆಮೇಲೆ ಗಂಡ ಹೆಂಡತಿ ಕೂತು ಒಂದು ಒಪ್ಪಂದಕ್ಕೆ ಬಂದರು. ನೋಟ್‌ಬುಕ್ ಹುಟ್ಟಿದ್ದು ಆಗಲೇ. ಫೋನ್ ಎತ್ತಿದ ಕೂಡಲೇ ಭಾವ “ಡ್ಯೂಟಿ ಮುಗೀತು” ಅಥವಾ “ಡ್ಯೂಟಿಗೆ ಹೊಂಟೀನಿ” ಎನ್ನುತ್ತಾರೆ. ಹೊರಟಿದ್ದರೆ ಎಮ್ಮೆ, ಮಳೆ, ಮಕ್ಕಳ ಹಲ್ಲು. ಮುಗಿದಿದ್ದರೆ ಎಲ್ಲವೂ. ಕೆಟ್ಟ ಸುದ್ದಿಯನ್ನು ಹೇಳುವುದಕ್ಕೂ ಒಂದು ಕ್ರಮವಿದೆ: “ಹಿಂಗಾಗೈತಿ, ಹಿಂಗ ಮಾಡೀವಿ, ನೀವು ಇಷ್ಟ ಮಾಡ್ರಿ.” ಕೊನೆಯ ಭಾಗ ಬಹಳ ದೊಡ್ಡದು. ಮಗನಿಗೆ ಜ್ವರ ಎಂದಷ್ಟೇ ಕೇಳಿದವನಿಗೆ ಸಾವಿರ ಮೈಲಿ ದೂರದಲ್ಲಿ ಮಾಡಲು ಏನೂ ಇರುವುದಿಲ್ಲ, ಕೈ ಹಿಸುಕಿಕೊಳ್ಳಬೇಕು. “ರಕ್ತ ಪರೀಕ್ಷಾ ಮಾಡಿಸೀವಿ, ಗುಳಗಿ ನಡದಾವು, ರಾತ್ರಿ ಎಂಟಕ್ಕ ನೀವ ಅವನ ಜೋಡಿ ಮಾತಾಡಿ ಗುಳಗಿ ನುಂಗಸ್ರಿ” ಎಂದರೆ ಅವನಿಗೂ ತಂದೆಯ ಕೆಲಸವೊಂದು ಸಿಕ್ಕಿತು. ಹೆಂಡತಿ ಮನೆಯ ಎಲ್ಲ ಭಾರವನ್ನೂ ತಾನೇ ಹೊತ್ತು, ಅವರಿಗೆ ಏನನ್ನೂ ಉಳಿಸದಿದ್ದರೆ, ಆ ಮನೆಯಲ್ಲಿ ಅವರ ಜಾಗವೂ ಮೆಲ್ಲಗೆ ಇಲ್ಲವಾಗುತ್ತದೆ.

ಫೋನ್ ಬರುವ ಮೊದಲು ಇದೆಲ್ಲ ಕಾಗದದಲ್ಲಿ ನಡೆಯುತ್ತಿತ್ತು. ಹಳೆಯ ಮಿಲ್ಟ್ರಿ ಮನೆಗಳ ಪೆಟ್ಟಿಗೆಗಳಲ್ಲಿ ಈಗಲೂ ನೀಲಿ ಇನ್‌ಲ್ಯಾಂಡ್ ಪತ್ರಗಳ ಕಟ್ಟುಗಳು ಸಿಗುತ್ತವೆ. ಅವುಗಳ ಮೇಲಿನ ಸೈನಿಕನ ವಿಳಾಸದಲ್ಲಿ ಊರಿನ ಹೆಸರಿಲ್ಲ. ಸೈನಿಕನ ನಂಬರು, ಹುದ್ದೆ, ಹೆಸರು, ಯೂನಿಟ್, ಕೆಳಗೆ ‘ಮಾರ್ಫತ್ 56 ಎಪಿಒ’ (ಸೇನಾ ಅಂಚೆ ಕಚೇರಿ). ಕಾಶ್ಮೀರವಾದರೂ ಅಷ್ಟೇ, ರಾಜಸ್ಥಾನವಾದರೂ ಅಷ್ಟೇ. ಪೂರ್ವದ ಕಡೆಯವರಿಗೆ 99 ಎಪಿಒ. ಯಾವ ಪಲ್ಟನ್ ಎಲ್ಲಿದೆ ಎಂಬುದು ಹೊರಗೆ ತಿಳಿಯಬಾರದೆಂದು ಈ ಏರ್ಪಾಡು. ಪತ್ರಗಳು ದೆಹಲಿ ಅಥವಾ ಕೋಲ್ಕತ್ತದ ಸೇನಾ ಅಂಚೆಯ ಕೇಂದ್ರ ನೆಲೆಗೆ ಹೋಗಿ, ಅಲ್ಲಿ ಬೇರ್ಪಟ್ಟು, ಲಾರಿ, ವಿಮಾನ, ಹೆಲಿಕಾಪ್ಟರ್ ಹತ್ತಿ ಕಡೆಗೆ ಯಾರದೋ ಬೆನ್ನ ಮೇಲೆ ಠಾಣ್ಯ ತಲುಪುತ್ತವೆ. 1972ರ ಮಾರ್ಚ್ 1ರಂದು ಸೇನಾ ಅಂಚೆಯನ್ನು ಪ್ರತ್ಯೇಕ ದಳವಾಗಿಯೇ ಮಾಡಲಾಯಿತು. ಹೆಂಡತಿಯ ಕೈಬರಹವನ್ನು ಸೈನಿಕನ ಕೈಗೆ ಮುಟ್ಟಿಸುವುದೂ ಸೇನೆಯ ಒಂದು ಕೆಲಸ ಎಂಬ ತಿಳಿವಳಿಕೆ ಅದರಲ್ಲಿದೆ.

ಈಗ ಸಿಗ್ನಲ್ಲಿನ ಕಾಲ. ಸಿಯಾಚಿನ್ ಹಿಮನದಿಯ ಮೇಲೆ ನಮ್ಮ ಸೈನಿಕರು 1984ರ ಏಪ್ರಿಲ್‌ನಿಂದ ಕಾವಲಿದ್ದಾರೆ. ಅಲ್ಲಿ 15,500 ಅಡಿಗೂ ಎತ್ತರದಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಟವರ್ ಎದ್ದದ್ದು 2023ರ ಅಕ್ಟೋಬರಿನಲ್ಲಿ. 2025ರ ಆರಂಭದಲ್ಲಿ ಜಿಯೋದ 5ಜಿ ಕೂಡ ಸಿಯಾಚಿನ್ ತಲುಪಿತು. ಅಲ್ಲಿಯ ಕಾವಲಿನ ಬೆಲೆ ಏನೆಂಬುದು ಕನ್ನಡಿಗರಿಗೆ ಗೊತ್ತು. 2016ರ ಫೆಬ್ರುವರಿ 3ರಂದು ಸೋನಂ ಠಾಣ್ಯದ ಮೇಲೆ ಹಿಮ ಕುಸಿದಾಗ, ಆರು ದಿನ ಹಿಮದಡಿ ಜೀವ ಹಿಡಿದಿದ್ದು ಹೊರಬಂದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಈ ನಾಡೆಲ್ಲ ಹರಕೆ ಹೊತ್ತಿತ್ತು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಅಂಥ ಎತ್ತರದಿಂದ ಬರುವ ಎರಡು ನಿಮಿಷದ “ಊಟಾ ಆತೇನು?” ಎಂಬ ಪ್ರಶ್ನೆ ಊಟದ ಕುರಿತ ಪ್ರಶ್ನೆಯಲ್ಲ.

ಆದರೆ ಸಿಗ್ನಲ್ ಬಂದದ್ದರಿಂದ ಹೊಸ ಬೇಗೆಗಳೂ ಬಂದವು. ಪತ್ರದ ಕಾಲದಲ್ಲಿ ಹದಿನೈದು ದಿನ ಸುದ್ದಿಯಿಲ್ಲದಿದ್ದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಈಗ ಬೆಳಗ್ಗೆ ಕಳಿಸಿದ ಸಂದೇಶಕ್ಕೆ ಸಂಜೆಯಾದರೂ ಎರಡನೆಯ ಗೆರೆ ಮೂಡದಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಹೊರಡುವ ಮುಂಚೆಯೇ “ಇಷ್ಟು ದಿನ ಫೋನ್ ಬರದಿದ್ದರೂ ಚಿಂತೆ ಬೇಡ” ಎಂದು ಒಂದು ಲೆಕ್ಕ ಆಡಿಕೊಂಡಿರುವುದು ಒಳ್ಳೆಯದು. ಕಾರವಾರದ ನೌಕಾನೆಲೆಯಂಥ ಕಡೆ ಇರುವ ನಾವಿಕರ ಮನೆಯವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಹಡಗು ದೂರ ಸಮುದ್ರಕ್ಕಿಳಿದರೆ ವಾರಗಟ್ಟಲೆ ಮಾತಿಲ್ಲ, ಜಲಾಂತರ್ಗಾಮಿಯವರದಂತೂ ಕೇಳಲೇಬೇಡಿ. ಅವರು ಮೌನವನ್ನು ಅಪಶಕುನವೆಂದು ಓದುವುದಿಲ್ಲ.

ಇನ್ನೊಂದು, ಟಿವಿ. ಗಡಿಯಲ್ಲಿ ಏನಾದರೂ ಆದ ದಿನ ಸೈನಿಕರ ಮನೆಯಲ್ಲಿ ಟಿವಿ ಹಾಕಿಕೊಂಡು ಕೂರಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಕೆಂಪು ಪಟ್ಟಿಯಲ್ಲಿ ಓಡುವ ಅರ್ಧ ಸುದ್ದಿಗಳು ಆ ಮನೆಯವರ ನಿದ್ದೆಯನ್ನು ತಿನ್ನುತ್ತವೆ. ಕೆಟ್ಟದ್ದೇನಾದರೂ ಆಗಿದ್ದರೆ ಯೂನಿಟ್ ಮನೆಗೆ ತಿಳಿಸುತ್ತದೆ. ಅಂಥ ದಿನಗಳಲ್ಲಿ “ನಿಮ್ಮ ಮನೆಯವರು ಅಲ್ಲೇ ಇದಾರಾ?” ಎಂದು ಫೋನ್ ಮಾಡುವ ನೆಂಟರೂ ಸ್ವಲ್ಪ ತಡೆದುಕೊಳ್ಳಬೇಕು. ಹೆಂಡತಿ ಹೇಳುವಂತಿಲ್ಲ, ಹಲವು ಸಲ ಅವಳಿಗೂ ಗೊತ್ತಿರುವುದಿಲ್ಲ. ಯೂನಿಟ್ ಎಲ್ಲಿದೆ, ಯಾವ ರೈಲಿಗೆ ಹೊರಟರು ಎಂಬುದನ್ನೆಲ್ಲ ಸ್ಟೇಟಸ್‌ಗೆ ಹಾಕುವುದು ಅವರ ಜೀವಕ್ಕೇ ಕುತ್ತು. 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕುವಂತೆ ಸೇನೆ ತನ್ನವರಿಗೆ ಹೇಳಿತು. ಗಂಡನ ಫೋನಿನಲ್ಲಿ ಇಲ್ಲದ್ದು ಹೆಂಡತಿಯ ಫೋನಿನಿಂದ ಸೋರಿದರೆ ಆ ಎಚ್ಚರಿಕೆಗೆ ಅರ್ಥವಿಲ್ಲ.

ಅಕ್ಕನ ಅನುಭವವನ್ನು ಕೇಳುವಾಗ ನನಗೆ ವಿಚಿತ್ರವೆನಿಸಿದ್ದು ಇನ್ನೊಂದು. ರಜೆ ಮುಗಿಯಲು ಐದಾರು ದಿನ ಇರುವಾಗ ಇಬ್ಬರಿಗೂ ತಪ್ಪದೆ ಜಗಳವಾಗುತ್ತಿತ್ತಂತೆ. ರೊಟ್ಟಿ ಸೀದದ್ದಕ್ಕೆ, ಬೈಕಿಗೆ ಪೆಟ್ರೋಲ್ ಹಾಕಿಸದ್ದಕ್ಕೆ. ತಮ್ಮ ಮದುವೆಯಲ್ಲೇ ಏನೋ ಕೊರತೆಯಿದೆ ಎಂದು ಅಕ್ಕ ನೊಂದುಕೊಂಡಿದ್ದಳು. ಹಾಗಿಲ್ಲ. ಅಮೆರಿಕದ ಕ್ಯಾಥ್ಲೀನ್ ವೆಸ್ಟಲ್ ಲೋಗನ್ ಎಂಬಾಕೆ ಅಲ್ಲಿನ ನೌಕಾಪಡೆಯವರ ಹೆಂಡಂದಿರನ್ನು ಕುರಿತು 1987ರಲ್ಲಿ ಬರೆದ ಲೇಖನದಲ್ಲಿ, ಅಗಲಿಕೆಗೆ ಏಳು ಘಟ್ಟಗಳನ್ನು ಗುರುತಿಸಿದರು. ಹೊರಡುವ ಮುಂಚಿನ ಘಟ್ಟದಲ್ಲಿ ಮನಸ್ಸು ತನ್ನನ್ನು ತಾನೇ ದೂರ ಮಾಡಿಕೊಳ್ಳಲು ತೊಡಗುತ್ತದೆ. ಸಿಟ್ಟಿನಲ್ಲಿ ಬೀಳ್ಕೊಡುವುದು ಅಳುತ್ತ ಬೀಳ್ಕೊಡುವುದಕ್ಕಿಂತ ಸುಲಭ. ಸಮುದ್ರದಾಚೆಯ ಹೆಂಗಸರಿಗೂ ಹೀಗೇ ಆಗುತ್ತದೆಂದು ಓದಿ ಹೇಳಿದಾಗ ಅಕ್ಕ ಒಂದು ಕ್ಷಣ ಸುಮ್ಮನಿದ್ದು, “ಹಂಗಾರ ನಂದ ತಪ್ಪಲ್ಲ” ಎಂದಳು. ಈಗ ಟ್ರಂಕು ಹೊರತೆಗೆದ ದಿನವೇ ಇಬ್ಬರೂ “ಜಗಳದ ದಿನಾ ಬಂದೂವು” ಎಂದುಕೊಳ್ಳುತ್ತಾರೆ. ಹೆಸರಿಟ್ಟ ಮೇಲೆ ಅದರ ಕಾವು ಅರ್ಧ ಇಳಿದಿದೆ.

ಲೋಗನ್ ಹೇಳಿದ ಘಟ್ಟಗಳಲ್ಲಿ ಕಷ್ಟದ್ದು ಯಾವುದೆಂದು ಕೇಳಿದರೆ, ಹೆಚ್ಚಿನವರು ಹೊರಟ ಮೇಲಿನ ಮೊದಲ ತಿಂಗಳು ಎಂದಾರು. ನಾನು ಕಂಡಂತೆ, ಮರಳಿ ಬಂದ ಮೊದಲ ಹದಿನೈದು ದಿನ. ಒಮ್ಮೆ ಭಾವ ಊರಿಗೆ ಬಾರದ ಒಂದೂವರೆ ವರ್ಷದಲ್ಲಿ ಅಕ್ಕ ಬ್ಯಾಂಕಿಗೆ ಹೋಗಲು, ಬೋರ್‌ವೆಲ್ಲಿನವರ ಜೊತೆ ದರ ಮಾತಾಡಲು, ಮಕ್ಕಳನ್ನು ಗದರಲು ಕಲಿತಿದ್ದಳು. ತಿಜೋರಿಯ ಕೀಲಿ ಅವಳ ಸೊಂಟದಲ್ಲಿತ್ತು. ಭಾವ ಬಂದ ದಿನ ಅತ್ತೆಯವರು ಕೀಲಿ ಇಸಿದುಕೊಂಡು ಮಗನ ಕೈಗೆ ಕೊಟ್ಟರು. ಅದೇನೂ ಕೆಟ್ಟ ಮನಸ್ಸಿನಿಂದಲ್ಲ, ಮನೆಯ ಗಂಡಸು ಬಂದನೆಂಬ ಸಂತೋಷದಿಂದ. ಮರುದಿನ ಹಾಲಿನವರ ಹಣಕ್ಕೆ ಅಕ್ಕ ಗಂಡನ ಮುಂದೆ ಕೈಯೊಡ್ಡಬೇಕಾಯಿತು. ನಾಲ್ಕನೆಯ ದಿನ ಭಾವ ತಾವಾಗಿಯೇ ಕೀಲಿಯನ್ನು ಮೊದಲಿನ ಜಾಗಕ್ಕೆ ಸೇರಿಸಿದರು. “ಎರಡ ತಿಂಗಳಿಗೆ ಬಂದಾಂವ ನಾ ಇದನ್ನ ತಗೊಂಡ ಏನ್ ಮಾಡ್ಲಿ? ನೀನ ಇಟ್ಕೋ. ನನಗ ಬೇಕಾದ್ರ ಕೇಳತೇನಿ.” ಅವರಿಗೂ ಮನೆಯಲ್ಲಿ ಅತಿಥಿಯಾದಂತೆ ಅನಿಸಿರಬೇಕು. ಆದರೂ ಕೇಳುತ್ತೇನೆ ಎಂದರಲ್ಲ, ಅದಕ್ಕೆ ದೊಡ್ಡ ಮನಸ್ಸು ಬೇಕು.

ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದವರು. ಇದ್ದೂ ಇಲ್ಲದಂತಿರುವ, ಇಲ್ಲದೆಯೂ ಇರುವಂತಿರುವ ಅಗಲಿಕೆಯ ಕುರಿತು ಅವರು ಹೇಳಿದ್ದು ನಮ್ಮ ಮನೆಗಳಿಗೂ ಸಲ್ಲುತ್ತದೆ. ಫೀಲ್ಡಿನಲ್ಲಿರುವಾಗ ದೇಹ ಇಲ್ಲ, ಮನಸ್ಸು ಇಲ್ಲೇ. ರಜೆಗೆ ಬಂದಾಗ ಕೆಲವರ ದೇಹ ಇಲ್ಲಿ, ಮನಸ್ಸು ಇನ್ನೂ ಠಾಣ್ಯದಲ್ಲಿ. ಪಟಾಕಿ ಸದ್ದಿಗೆ ಬೆಚ್ಚುವುದು, ರಾತ್ರಿ ಎದ್ದು ಬಾಗಿಲು ನೋಡಿಬರುವುದು, ಮಕ್ಕಳ ಮೇಲೆ ಸುಮ್ಮನೆ ರೇಗುವುದು ತಿಂಗಳಾದರೂ ನಿಲ್ಲದಿದ್ದರೆ ಅದನ್ನು ‘ಮಿಲ್ಟ್ರಿಯವರ ಸಿಟ್ಟು’ ಎಂದು ತಳ್ಳಿಹಾಕಬಾರದು. 14416 ‘ಟೆಲಿ ಮಾನಸ್’ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ. 2022ರಲ್ಲಿ ಆರಂಭವಾದ ಈ ಸೇವೆಯ ಬೆನ್ನಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ನಿಂತಿದೆ. ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೆ ಮತ್ತು ಅವರ ಕುಟುಂಬದವರಿಗೆಂದೇ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ವಿಶೇಷ ಘಟಕವೂ ಆರಂಭವಾಯಿತು.

ಪ್ರೀತಿಯ ಮಾತಿನ ನಡುವೆ ಕಾಗದ ಪತ್ರಗಳ ವಿಷಯವೇಕೆ ಎನ್ನಬೇಡಿ. ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಗಂಡನಿಗೆ ಹೆಂಡತಿ ಕೊಡಬಹುದಾದ ದೊಡ್ಡ ನೆಮ್ಮದಿ ಅಚ್ಚುಕಟ್ಟಾದ ಕಡತದಲ್ಲಿದೆ. ಮದುವೆ, ಮಕ್ಕಳ ಜನನ ಇವು ಸೇನೆಯ ದಾಖಲೆಯಲ್ಲಿ ‘ಪಾರ್ಟ್ ಟೂ ಆರ್ಡರ್’ ಆಗಿ ಪ್ರಕಟವಾಗಬೇಕು. ಆಗಿದೆಯೇ, ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿದ್ದಂತೆಯೇ ಇದೆಯೇ ಎಂದು ರಜೆಗೆ ಬಂದಾಗಲೇ ಇಬ್ಬರೂ ಕೂತು ನೋಡಿಕೊಳ್ಳಬೇಕು. ಜಂಟಿ ಬ್ಯಾಂಕ್ ಖಾತೆ, ವಿಮೆಯ ನಾಮಿನಿ, ಕ್ಯಾಂಟೀನ್ ಕಾರ್ಡು, ಅವಲಂಬಿತರ ಗುರುತಿನ ಚೀಟಿ, ಯೂನಿಟ್ಟಿನ ವಿಳಾಸ, ಸರ್ವಿಸ್ ನಂಬರು ಒಂದೇ ಕಡೆ ಇರಲಿ. ಒಂದಕ್ಷರದ ವ್ಯತ್ಯಾಸಕ್ಕೆ ವರ್ಷಗಟ್ಟಲೆ ಪಿಂಚಣಿಗೆ ಅಲೆದ ಹೆಂಗಸರನ್ನು ನಮ್ಮ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕಂಡಿದ್ದೇನೆ.

ಮತ್ತೆ ಹೊಲದ ತಂಟೆ. ಗಂಡಸಿಲ್ಲದ ಮನೆಯೆಂದು ಬದು ಒತ್ತುವವರು ಪ್ರತಿ ಊರಲ್ಲೂ ಇದ್ದಾರೆ. ಗಡಿಯಲ್ಲಿ ನಿಂತವನ ತಲೆಯೊಳಗೆ ಶತ್ರುವಿಗಿಂತ ಹೆಚ್ಚು ಹೊತ್ತು ಕೂರುವುದು ಈ ಪಹಣಿ, ಹಿಸ್ಸೆಯ ಜಗಳಗಳೇ ಎಂದು ಭಾವ ಹೇಳುತ್ತಾರೆ. ಇದಕ್ಕೆ ಶತಮಾನದಷ್ಟು ಹಳೆಯ ಕಾನೂನೊಂದಿದೆ: 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಹಾಜರಾಗಲಾರದ ದಾವೆಗಳನ್ನು ತಡೆಹಿಡಿಯಲು, ಅವನ ಗೈರುಹಾಜರಿಯಲ್ಲಾದ ತೀರ್ಪನ್ನು ರದ್ದುಮಾಡಲು ನ್ಯಾಯಾಲಯಕ್ಕೆ ಇದರಡಿ ಅವಕಾಶವಿದೆ. ಸೇವೆಯಲ್ಲಿರುವವರ ಕುಟುಂಬದ ಇಂಥ ಅಹವಾಲನ್ನು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕೊಡಬಹುದು. ನಿವೃತ್ತರಿಗೆ ಮಾತ್ರವೆಂದು ತಿಳಿದು ಎಷ್ಟೋ ಹೆಣ್ಣುಮಕ್ಕಳು ಅದರ ಮೆಟ್ಟಿಲು ಹತ್ತಿರುವುದಿಲ್ಲ. ದಂಡಿನ ಊರುಗಳಲ್ಲಿ ಇರುವವರಿಗೆ, 1966ರಲ್ಲಿ ಹೆಂಡಂದಿರ ಸಂಘವಾಗಿಯೇ ಹುಟ್ಟಿದ ‘ಆವಾ’ ಇದೆ; ಹೊಲಿಗೆಯಿಂದ ಹಿಡಿದು ಮಕ್ಕಳ ಪಾಠದವರೆಗೆ ಅಲ್ಲಿ ಜೊತೆ ಸಿಗುತ್ತದೆ. ಹಳ್ಳಿಯಲ್ಲಿ ಒಬ್ಬಳೇ ಇರುವ ಸೊಸೆಗೆ ಆ ಜೊತೆಯೂ ಇಲ್ಲ. ಅಕ್ಕಪಕ್ಕದ ಊರಿನ ಮೂರು ಮಿಲ್ಟ್ರಿ ಮನೆಗಳ ಹೆಂಗಸರನ್ನು ಅಕ್ಕ ತಾನೇ ಹುಡುಕಿ ಗುರುತು ಮಾಡಿಕೊಂಡಳು. ಅಮಾವಾಸ್ಯೆಯ ದಿನ ಗುಡಿಯಲ್ಲಿ ಸೇರುತ್ತಾರೆ, ಮಾತಾಡುತ್ತಾರೆ, ಅಷ್ಟೇ. ಅಷ್ಟೇ ಅವಳಿಗೆ ಒಂದು ತಿಂಗಳಿಗೆ ಸಾಕಾಗುತ್ತದೆ.

ನಮ್ಮ ನಾಡಿನ ಊರಬಾಗಿಲುಗಳಲ್ಲಿ ನಿಂತ ಕಲ್ಲುಗಳನ್ನು ನೋಡಿದಾಗಲೆಲ್ಲ ನನಗೆ ಈ ಹೆಂಗಸರು ನೆನಪಾಗುತ್ತಾರೆ. ಹೋರಾಡಿ ಮಡಿದವನಿಗೆ ವೀರಗಲ್ಲು. ಅವನ ಚಿತೆಯೇರಿದವಳಿಗೆ ಮಾಸ್ತಿಕಲ್ಲು. ಅವನು ಬರುವವರೆಗೆ ಕಾದವಳಿಗೆ, ಹೊಲ ಬಿತ್ತಿಸಿದವಳಿಗೆ, ಅತ್ತೆ ಮಾವಂದಿರನ್ನು ನೋಡಿಕೊಂಡು ಬದುಕಿ ಉಳಿದವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಈಗ ಕಾಯುವವರಲ್ಲಿ ಗಂಡಂದಿರೂ ಸೇರುತ್ತಿದ್ದಾರೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ದಳದ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಮಗುವಿನ ಜಡೆ ಹೆಣೆಯುತ್ತ ಹೆಂಡತಿಯ ಫೋನಿಗೆ ಕಾಯುವ ಗಂಡನಿಗೂ ಅಕ್ಕನ ನೋಟ್‌ಬುಕ್ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಓಣಿಯಲ್ಲೂ ಇಂಥ ಒಂದು ಮನೆ ಇರಬಹುದು. ಅಲ್ಲಿಯ ಹೆಣ್ಣುಮಗಳನ್ನು ಕಂಡಾಗ “ಯಾವಾಗ ಬರ್ತಾರ?” ಎಂದು ದಯವಿಟ್ಟು ಕೇಳಬೇಡಿ. ಆ ಪ್ರಶ್ನೆಯನ್ನು ಅವಳು ತನಗೆ ತಾನೇ ದಿನಕ್ಕೆ ಹತ್ತು ಸಲ ಕೇಳಿಕೊಂಡಿರುತ್ತಾಳೆ. ಮೋಟರ್ ಸುಟ್ಟಿದ್ದರೆ ಮೆಕ್ಯಾನಿಕ್‌ನನ್ನು ಕರೆತನ್ನಿ. ಬದುವಿನ ಪಂಚಾಯಿತಿ ನಡೆದರೆ ಅವಳ ಪಕ್ಕ ಹೋಗಿ ನಿಲ್ಲಿ. ರಾತ್ರಿ ಹೊತ್ತಿನಲ್ಲಿ ಮಗುವಿಗೆ ಜ್ವರ ಬಂದರೆ ನಿಮ್ಮ ಗಾಡಿಯ ಕೀಲಿ ಅವಳಿಗೆ ಸಿಗುವಂತಿರಲಿ. ಅವಳ ನೋಟ್‌ಬುಕ್ಕಿನಲ್ಲಿ, “ಹಿಂಗಾಗೈತಿ, ಹಿಂಗ ಮಾಡೀವಿ” ಎಂದು ಹೇಳಿಕೊಳ್ಳುವ ಸಾಲೊಂದು ನಿಮ್ಮಿಂದ ಸೇರಲಿ.